ಆಟಕ್ಕಿಂತ 22 ವರ್ಷ ದೊಡ್ಡ ಕ್ಲಬ್ಬು

ಮೊದಲು ಒಂದು ಸಣ್ಣ ಲೆಕ್ಕ ಹೇಳ್ತೀನಿ. ರಗ್ಬಿ ಲೀಗ್ ಅನ್ನೋ ಆಟ ಹುಟ್ಟಿದ್ದು 1895ರ ಆಗಸ್ಟ್ 29ಕ್ಕೆ. ಪಕ್ಕಾ ಡೇಟು, ಯಾವ ಊರು ಅಂತ ಗೊತ್ತು, ಯಾವ ಹೋಟೆಲ್ಲು ಅಂತಾನೂ ಗೊತ್ತು. ಈಗ ಇಂಗ್ಲೆಂಡಿನ ವಾಯವ್ಯ ಮೂಲೇಲಿ ಮಿಲಮ್ ಅಂತ ಒಂದು ಪುಟ್ಟ ಊರಿದೆ, ಅಲ್ಲೊಂದು ಅಮೆಚೂರ್, ಅಂದ್ರೆ ದುಡ್ಡು ತಗೊಳ್ದೇ ಆಡೋ, ರಗ್ಬಿ ಲೀಗ್ ಕ್ಲಬ್ ಇದೆ, ಪ್ರಪಂಚದ ಅಮೆಚೂರ್ ಲೀಗ್ ಕ್ಲಬ್ಬುಗಳಲ್ಲೆಲ್ಲ ನಮ್ದೇ ಹಳೇದು ಅಂತ ಹೇಳ್ಕೊಳ್ತಾರೆ, ಅದು ಶುರುವಾದ ವರ್ಷ 1873. ಅಂದ್ರೆ ಮಗ ಅಪ್ಪನಿಗಿಂತ 22 ವರ್ಷ ದೊಡ್ಡೋನು! ನಾನು ಮೊದಲ ಸಲ ಕೇಳ್ದಾಗ ಯಾರೋ ಪ್ರಿಂಟ್ ಮಿಸ್ಟೇಕ್ ಮಾಡಿದಾರೆ ಅನ್ಕೊಂಡೆ. ಮಿಸ್ಟೇಕ್ ಅಲ್ಲ. ಇವತ್ತು ನಾನು ಹೇಳೋ ಕಥೆ ಪೂರ್ತಿ ಈ 22 ವರ್ಷದ ಗ್ಯಾಪಲ್ಲೇ ಇದೆ.

ಊರು ಎಲ್ಲಿದೆ ಅಂತ ಮೊದಲು ತಿಳ್ಕೊಳಿ. ಇಂಗ್ಲೆಂಡಿನ ಮ್ಯಾಪಲ್ಲಿ ಎಡಗಡೆ ಮೇಲ್ಗಡೆ ಲೇಕ್ ಡಿಸ್ಟ್ರಿಕ್ಟ್ ಇದ್ಯಲ್ಲ, ಟೂರಿಸ್ಟ್‌ಗಳೆಲ್ಲ ಹೋಗಿ ಕೆರೆ ಪಕ್ಕ ಫೋಟೋ ತೆಗ್ಸ್ಕೊಂಡು ಬರ್ತಾರಲ್ಲ, ಆ ಬೆಟ್ಟಗಳೆಲ್ಲ ಇಳಿದು ಸಮುದ್ರ ಸೇರೋ ಜಾಗದಲ್ಲಿ ಡಡ್ಡನ್ ಅಂತ ಒಂದು ನದಿ ಬಾಯಿ ಅಗಲ ಮಾಡ್ಕೊಂಡು ಬಂದು ಸಮುದ್ರಕ್ಕೆ ಬೀಳತ್ತೆ, ಅದರ ದಡದಲ್ಲಿ ಮಿಲಮ್. ಹಿಂದುಗಡೆ ಬ್ಲ್ಯಾಕ್ ಕೂಮ್ ಅನ್ನೋ ಗುಡ್ಡ, ಮುಂದುಗಡೆ ಮರಳು, ಆಚೆ ದಡದಲ್ಲಿ ಬ್ಯಾರೋ ಅನ್ನೋ ಊರಿನ ಕಡೆಯ ನೆಲ ಕಣ್ಣಿಗೆ ಕಾಣತ್ತೆ. ಕಾಣತ್ತೆ ಅಷ್ಟೇ, ಹೋಗ್ಬೇಕು ಅಂದ್ರೆ ನದಿಯ ಬಾಯಿ ಪೂರ್ತಿ ಸುತ್ತಾಕ್ಕೊಂಡು ಹೋಗ್ಬೇಕು. ನಮ್ಮ ಕರಾವಳಿಯವರಿಗೆ ಇದು ಚೆನ್ನಾಗಿ ಅರ್ಥ ಆಗತ್ತೆ, ಅಳಿವೆಯ ಆಚೆ ದಡದಲ್ಲೇ ನೆಂಟರ ಮನೆ, ಬಸ್ಸಲ್ಲಿ ಹೋದ್ರೆ ಅರ್ಧ ದಿನ. ನಾನು ಕೆಲಸದ ಮೇಲೆ ಬ್ಯಾರೋ ಕಡೆ ಕೆಲವು ವರ್ಷ ಇದ್ದೆ, ರೈಲಲ್ಲಿ ಅರ್ಧ ಗಂಟೆ, ಆ ರೈಲಿಂದಾನೇ ನನಗೆ ಈ ಊರು ಗೊತ್ತಾಗಿದ್ದು.

1850ರ ಸುಮಾರಿಗೆ ಅಲ್ಲಿ ಊರು ಅನ್ನೋ ಹಾಗೆ ಏನೂ ಇರ್ಲಿಲ್ಲ. ಒಂದು ಹಳೇ ಕೋಟೆ, ಒಂದು ಚರ್ಚು, ಹೋಲ್ಬರ್ನ್ ಹಿಲ್ ಅನ್ನೋ ಹಳ್ಳಿ, ಹೊಲ. ಆಮೇಲೆ 1856ರಲ್ಲಿ ಸಮುದ್ರದ ಅಂಚಲ್ಲಿ, ಹಾಡ್‌ಬ್ಯಾರೋ ಅನ್ನೋ ಜಾಗದಲ್ಲಿ, ಹೆಮಟೈಟ್ ಸಿಕ್ತು. ನಮ್ಮ ಬಳ್ಳಾರಿ ಸೊಂಡೂರಲ್ಲಿ ಸಿಗತ್ತಲ್ಲ ಅದೇ ಕೆಂಪು ಅದಿರು, ಮುಟ್ಟಿದ್ರೆ ಕೈ ಕುಂಕುಮ ಆಗತ್ತೆ. ಸಿಕ್ಕಿದ್ದು ಸ್ವಲ್ಪ ಅಲ್ಲ, ಮುಂದಿನ ನೂರು ವರ್ಷದಲ್ಲಿ ಸುಮಾರು 25 ಮಿಲಿಯನ್ ಟನ್ ತೆಗೆದ್ರು. 1860ರ ದಶಕದಲ್ಲಿ ಅಲ್ಲೇ ಕಬ್ಬಿಣ ಕರಗ್ಸೋ ಫ್ಯಾಕ್ಟರಿ ಬಂತು. ಜನ ಎಲ್ಲೆಲ್ಲಿಂದಾನೋ ಬಂದ್ರು, ಐರ್ಲೆಂಡಿಂದ ಬಂದ್ರು, ಮುಖ್ಯವಾಗಿ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ಬಂದ್ರು, ಯಾಕಂದ್ರೆ ಅಲ್ಲಿ ತಾಮ್ರ ತವರದ ಗಣಿಗಳು ಮುಚ್ತಾ ಇದ್ವು, ಗಣಿ ಕೆಲಸ ಗೊತ್ತಿರೋರು ಹೊಟ್ಟೆಪಾಡಿಗೆ ದೇಶಾಂತರ ಹೊರಟಿದ್ರು.

ಇಲ್ಲಿ ಕೆಜಿಎಫ್ ಕಡೆಯವರು ಯಾರಾದ್ರೂ ಇದೀರಾ? ಇಬ್ಬರು ಕೈ ಎತ್ತಿದ್ರಿ. ಹಾಗಿದ್ರೆ ನಿಮಗೆ ಈ ಕಾರ್ನ್‌ವಾಲ್ ಜನ ಗೊತ್ತೇ ಇರ್ತಾರೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರಕ್ಕೆ ಬಂದಾಗ ಅವರ ಜೊತೆ ಬಂದ ಗಣಿ ಕ್ಯಾಪ್ಟನ್‌ಗಳು, ಫೋರ್‌ಮನ್‌ಗಳಲ್ಲಿ ತುಂಬಾ ಜನ ಇದೇ ಕಾರ್ನ್‌ವಾಲ್‌ನವರು. ಒಂದೇ ಬೀದಿಯ ಅಣ್ಣ ಮಿಲಮ್‌ಗೆ ತಮ್ಮ ಊರ್ಗಾಂಗೆ ಹೋಗಿದ್ರೂ ಆಶ್ಚರ್ಯ ಇಲ್ಲ. ಹಾಗಾಗಿ ನಾನು ಈ ಊರಿನ ಬಗ್ಗೆ ಹೇಳೋದೆಲ್ಲ ನಿಮಗೆ ದೂರದ ವಿಷಯ ಅನ್ನಿಸ್ಬಾರದು, ಗಣಿ ಊರು ಅಂದ್ರೆ ಎಲ್ಲಾ ಕಡೆ ಸಾಲು ಮನೆ, ಶಿಫ್ಟಿನ ಸೈರನ್ನು, ಸಂಬಳದ ದಿನ ಗಲಾಟೆ, ಮತ್ತೆ ಒಂದು ಮೈದಾನ.

1873ರಲ್ಲಿ ಈ ಗಣಿ ಊರಿನ ಹುಡುಗರು ಒಂದು ರಗ್ಬಿ ಕ್ಲಬ್ ಕಟ್ಟಿದ್ರು. ಆಗ ರಗ್ಬಿ ಅಂದ್ರೆ ಒಂದೇ ರಗ್ಬಿ, ಯೂನಿಯನ್ನು ಲೀಗು ಅಂತ ಭೇದ ಇರ್ಲಿಲ್ಲ. ಲಂಡನ್ನಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಅನ್ನೋ ಸಂಸ್ಥೆ ಹುಟ್ಟಿ ಬರೀ ಎರಡು ವರ್ಷ ಆಗಿತ್ತು. ಒಂದೊಂದು ಕಡೆ ಇಪ್ಪತ್ತಿಪ್ಪತ್ತು ಜನ ಆಡ್ತಿದ್ರು, ಅದರಲ್ಲಿ ಮುಕ್ಕಾಲು ಭಾಗ ಜನ ಒಂದು ದೊಡ್ಡ ಗುಂಪಾಗಿ ತಳ್ಳಾಡೋದೇ ಆಟ, ಚೆಂಡು ಎಲ್ಲಿದೆ ಅಂತ ನೋಡೋರಿಗಿರ್ಲಿ ಆಡೋರಿಗೇ ಗೊತ್ತಾಗ್ತಿರ್ಲಿಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ, ಕ್ಷಮಿಸಿ, ಆದ್ರೆ ಇದನ್ನ ಹೇಳ್ದೇ ಇರಕ್ಕೆ ಆಗಲ್ಲ. ಅದೇ 1873ರ ಜನವರೀಲಿ ನಮ್ಮ ದೇಶದಲ್ಲೂ ಒಂದು ರಗ್ಬಿ ಕ್ಲಬ್ ಶುರುವಾಯ್ತು, ಕಲ್ಕತ್ತಾ ಫುಟ್‌ಬಾಲ್ ಕ್ಲಬ್. ಹಿಂದಿನ ಕ್ರಿಸ್‌ಮಸ್ ದಿನ ಅಲ್ಲಿನ ಬ್ರಿಟಿಷರು ಇಪ್ಪತ್ತಿಪ್ಪತ್ತು ಜನರ ಮ್ಯಾಚ್ ಆಡಿದ್ರು, ಮಜಾ ಬಂತು, ಕ್ಲಬ್ ಮಾಡೇ ಬಿಟ್ರು. ಮೆಂಬರ್‌ಗಳೆಲ್ಲ ಆಫೀಸರ್‌ಗಳು, ವ್ಯಾಪಾರಸ್ಥರು. ಕ್ಲಬ್ಬಲ್ಲಿ ಕುಡಿಯೋದು ಫ್ರೀ. ಆಮೇಲೆ ಫ್ರೀ ಬಾರ್ ನಿಲ್ಸಿದ್ರು ನೋಡಿ, ಮೆಂಬರ್‌ಗಳು ಕರಗಿ ಹೋದ್ರು, ಬಿಸಿಲು ಬೇರೆ, ಪೋಲೋ ಟೆನ್ನಿಸ್ ಬೇರೆ ಬಂದಿತ್ತು. ಐದು ವರ್ಷಕ್ಕೆ ಕ್ಲಬ್ ಮುಚ್ತು. ಬ್ಯಾಂಕಲ್ಲಿದ್ದ 270 ಬೆಳ್ಳಿ ರೂಪಾಯಿ ತೆಗ್ದು, ಕರಗ್ಸಿ, ಮೂರು ನಾಗರಹಾವು ಹಿಡಿಕೆ ಮಾಡಿ, ಮುಚ್ಚಳದ ಮೇಲೆ ಒಂದು ಆನೆ ಕೂರ್ಸಿ ಕಪ್ ಮಾಡ್ಸಿ ಲಂಡನ್‌ಗೆ ಕೊಟ್ರು. ಇವತ್ತಿಗೂ ಇಂಗ್ಲೆಂಡ್ ಸ್ಕಾಟ್ಲೆಂಡ್ ಆಡೋದು ಅದೇ ಕಲ್ಕತ್ತಾ ಕಪ್ಪಿಗೆ. 1884ರಲ್ಲಿ ಕಲ್ಕತ್ತಾದವರು ಮತ್ತೆ ಶುರು ಮಾಡಿದ್ರು ಅನ್ನೋದು ಬೇರೆ ಮಾತು. ನಾನು ಹೇಳಕ್ಕೆ ಹೊರಟಿದ್ದು ಏನಂದ್ರೆ, ಅದೇ ವರ್ಷ ಹುಟ್ಟಿದ ಎರಡು ಕ್ಲಬ್ಬು, ಒಂದರ ಹತ್ರ ಕರಗ್ಸಿ ಕಪ್ ಮಾಡೋವಷ್ಟು ಬೆಳ್ಳಿ ಇತ್ತು, ಇನ್ನೊಂದರ ಹತ್ರ ಕೆಂಪು ಮಣ್ಣು ಬಿಟ್ರೆ ಏನೂ ಇರ್ಲಿಲ್ಲ.

ಸರಿ, ವಾಪಸ್ ಬರೋಣ. ಉತ್ತರ ಇಂಗ್ಲೆಂಡಲ್ಲಿ ರಗ್ಬಿ ಬೆಂಕಿ ಹಾಗೆ ಹಬ್ತು, ಯಾರ್ಕ್‌ಶೈರು ಲ್ಯಾಂಕಶೈರಲ್ಲಿ ಮಿಲ್ಲುಗಳ ಮಧ್ಯೆ, ಗಣಿಗಳ ಮಧ್ಯೆ, ಎಲ್ಲಾ ಕಡೆ ಕ್ಲಬ್ಬು, ಸಾವಿರಾರು ಜನ ದುಡ್ಡು ಕೊಟ್ಟು ನೋಡಕ್ಕೆ ಬರ್ತಿದ್ರು. ಗೇಟ್ ಕಲೆಕ್ಷನ್ ಕ್ಲಬ್ಬಿಗೆ. ಆಡೋನಿಗೆ? ಸೊನ್ನೆ. ಸೊನ್ನೆ ಆದ್ರೂ ಪರವಾಗಿಲ್ಲ, ಮೈನಸ್. ಯಾಕಂದ್ರೆ ಶನಿವಾರ ಕೆಲಸದ ದಿನ. ಮ್ಯಾಚಿಗೆ ಬೇರೆ ಊರಿಗೆ ಹೋಗ್ಬೇಕು ಅಂದ್ರೆ ಗಣಿ ಕೆಲಸಕ್ಕೆ ರಜೆ ಹಾಕ್ಬೇಕು, ರಜೆ ಅಂದ್ರೆ ಆ ದಿನದ ಕೂಲಿ ಕಟ್. ಕಾಲು ಮುರಿದ್ರೆ ಆರು ವಾರದ ಕೂಲಿ ಕಟ್. ಹಾಗಾಗಿ ಉತ್ತರದ ಕ್ಲಬ್ಬುಗಳು ಕೇಳಿದ್ದು ಸಂಬಳ ಅಲ್ಲ, ಇದನ್ನ ಸರಿಯಾಗಿ ಗಮನಿಸಿ, ಆಟಕ್ಕೆ ದುಡ್ಡು ಕೊಡಿ ಅಂತ ಕೇಳ್ಲಿಲ್ಲ, ಕಳ್ಕೊಂಡ ಕೂಲಿ ಮಾತ್ರ ತುಂಬ್ಕೊಡಕ್ಕೆ ಪರ್ಮಿಷನ್ ಕೊಡಿ ಅಂತ ಕೇಳಿದ್ರು. ಇದಕ್ಕೆ ಅವರು ಬ್ರೋಕನ್ ಟೈಮ್ ಅಂತಿದ್ರು. ನಮ್ಮಲ್ಲಿ ಅರ್ಧ ದಿನ ಕೂಲಿ ಮುರ್ಕೊಂಡು ಬಂದೆ ಅಂತಾರಲ್ಲ, ಅದೇ.

1893ರ ಸೆಪ್ಟೆಂಬರ್ 20ಕ್ಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪ್ಯಾಲೇಸ್ ಹೋಟೆಲಲ್ಲಿ ಇದಕ್ಕೆ ವೋಟಿಂಗ್ ಆಯ್ತು. ಉತ್ತರದವರು ರೈಲು ಹತ್ತಿ ದಂಡು ಕಟ್ಕೊಂಡು ಹೋದ್ರು. 136 ವೋಟು ಪರ, 282 ವಿರುದ್ಧ. ಸೋತ್ರು. ಲಂಡನ್ ಕಡೆಯವರ ಕೈಲಿ ಬರದೇ ಇರೋರ ಪ್ರಾಕ್ಸಿ ವೋಟೇ ನೂರಕ್ಕಿಂತ ಜಾಸ್ತಿ ಇತ್ತು. ಅವರ ವಾದ ಏನಂದ್ರೆ, ಆಟ ಆಟಕ್ಕೋಸ್ಕರ ಆಡ್ಬೇಕು, ಅಮೆಚೂರ್ ಆಗಿರ್ಬೇಕು, ರಜೆ ಹಾಕಕ್ಕೆ ಆಗದೇ ಇರೋನು ಆಡ್ಬಾರದು ಅಷ್ಟೇ.

ಈ ಅಮೆಚೂರ್ ಅನ್ನೋ ಪದದ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ, ಹೇಳ್ಕೊಂಡು ಬಿಡ್ತೀನಿ. ನಿಮಗೆಲ್ಲ ಕ್ರಿಕೆಟ್ ಗೊತ್ತು, ಡಬ್ಲ್ಯೂ.ಜಿ. ಗ್ರೇಸ್ ಹೆಸರು ಕೇಳಿದೀರಿ, ದೊಡ್ಡ ಗಡ್ಡದ ಡಾಕ್ಟ್ರು. ಅವರು ದಾಖಲೆ ಪ್ರಕಾರ ಅಮೆಚೂರ್, ಸಾಯೋ ತನಕ ಅಮೆಚೂರ್. 1891-92ರಲ್ಲಿ ಆಸ್ಟ್ರೇಲಿಯಾ ಟೂರ್‌ಗೆ ಹೋಗಕ್ಕೆ ಅವರು ತಗೊಂಡಿದ್ದು 3000 ಪೌಂಡ್. ಅದೇ ಹೊತ್ತಲ್ಲಿ ರಗ್ಬಿ ಆಡೋ ಗಣಿ ಹುಡುಗನಿಗೆ ಬ್ರೋಕನ್ ಟೈಮ್ ಅಂತ ಕೇಳಿದ್ದು, ಆಮೇಲೆ ನಿಗದಿ ಆಗಿದ್ದು, ದಿನಕ್ಕೆ 6 ಶಿಲ್ಲಿಂಗ್. ಒಂದು ಪೌಂಡಿಗೆ 20 ಶಿಲ್ಲಿಂಗ್, ಲೆಕ್ಕ ಹಾಕಿ. ಗ್ರೇಸ್ ಒಂದು ಟೂರಲ್ಲಿ ತಗೊಂಡ ದುಡ್ಡಲ್ಲಿ ಗಣಿ ಹುಡುಗನಿಗೆ 10,000 ದಿನದ ಕೂಲಿ ತುಂಬ್ಕೊಡಬಹುದಿತ್ತು. ಆದ್ರೆ ಅವರು ಅಮೆಚೂರ್, ಇವನು ಪ್ರೊಫೆಷನಲ್! ಇಂಗ್ಲಿಷ್ ಕ್ರಿಕೆಟಲ್ಲಿ ಈ ಭೇದ 1962ರ ತನಕ ಇತ್ತು ಅಂದ್ರೆ ನಂಬ್ತೀರಾ? ಅಮೆಚೂರ್ ಆದ್ರೆ ಇನಿಷಿಯಲ್ ಹೆಸರಿಗಿಂತ ಮುಂದೆ, ಪ್ರೊಫೆಷನಲ್ ಆದ್ರೆ ಹೆಸರಾದ ಮೇಲೆ ಹಿಂದೆ. 1950ರಲ್ಲಿ ಲಾರ್ಡ್ಸಲ್ಲಿ ಸ್ಕೋರ್ ಕಾರ್ಡಲ್ಲಿ ತಪ್ಪಾಗಿದೆ, ಎಫ್.ಜೆ. ಟಿಟ್ಮಸ್ ಅಂತಿರೋದನ್ನ ಟಿಟ್ಮಸ್, ಎಫ್.ಜೆ. ಅಂತ ಓದ್ಕೊಳಿ ಅಂತ ಮೈಕಲ್ಲಿ ಅನೌನ್ಸ್ ಮಾಡಿದ್ರು ಅಂತ ಕ್ರಿಕೆಟ್ ಜನ ಇವತ್ತಿಗೂ ಹೇಳ್ಕೊಂಡು ನಗ್ತಾರೆ. ನಮ್ಮೂರಲ್ಲಿ ಇನಿಷಿಯಲ್ ಹಿಂದೆ ಮುಂದೆ ಆದ್ರೆ ಪಾಸ್‌ಪೋರ್ಟ್ ಆಫೀಸಲ್ಲಿ ಮಾತ್ರ ತೊಂದ್ರೆ.

ಹೀಗೆ ಎರಡು ವರ್ಷ ಜಗಳ ಆಡಿ ಕೊನೆಗೆ 1895ರ ಆಗಸ್ಟ್ 29ಕ್ಕೆ ಹಡರ್ಸ್‌ಫೀಲ್ಡಲ್ಲಿ, ರೈಲ್ವೆ ಸ್ಟೇಷನ್ ಪಕ್ಕದ ಜಾರ್ಜ್ ಹೋಟೆಲಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ನಿಮ್ಮ ಸಹವಾಸ ಬೇಡ ಅಂತ ಹೊರಗೆ ಬಂದ್ರು. ನಾರ್ದರ್ನ್ ಯೂನಿಯನ್ ಅಂತ ಹೆಸರಿಟ್ಕೊಂಡ್ರು, ಹತ್ತೇ ದಿನಕ್ಕೆ ಸೆಪ್ಟೆಂಬರ್ 7ಕ್ಕೆ 22 ಕ್ಲಬ್ಬು ಮ್ಯಾಚ್ ಶುರು ಮಾಡಿದ್ವು. ರಗ್ಬಿ ಲೀಗ್ ಅನ್ನೋ ಹೆಸರು ಬಂದಿದ್ದು 1922ರಲ್ಲಿ. ಒಂದು ಕುತೂಹಲದ ವಿಷಯ, ಮೊದಲ ವರ್ಷದ ಚಾಂಪಿಯನ್ ಮ್ಯಾನಿಂಗ್‌ಹ್ಯಾಮ್ ಅನ್ನೋ ಕ್ಲಬ್ಬು, ಅದು 1903ರಲ್ಲಿ ರಗ್ಬಿನೇ ಬಿಟ್ಟು ಫುಟ್‌ಬಾಲ್ ಹಿಡೀತು, ಅದೇ ಇವತ್ತಿನ ಬ್ರಾಡ್‌ಫರ್ಡ್ ಸಿಟಿ.

ಆ 22 ಕ್ಲಬ್ಬಲ್ಲಿ ಮಿಲಮ್ ಇರ್ಲಿಲ್ಲ. ಅವರು ಆಗ ಇನ್ನೂ ಹಳೇ ಯೂನಿಯನ್ನಲ್ಲೇ ಇದ್ರು. ಆದ್ರೆ ಕಂಬರ್‌ಲ್ಯಾಂಡ್, ಅಂದ್ರೆ ಮಿಲಮ್ ಇದ್ದ ಸೀಮೆ, ಆ ಕಡೆಯ ಕ್ಲಬ್ಬುಗಳಿಗೂ ಇದೇ ಕೂಲಿ ಸಮಸ್ಯೆ, 1897ರಲ್ಲಿ ಪಕ್ಕದ ಬ್ಯಾರೋ ಹೋಯ್ತು, ಶತಮಾನ ಮುಗಿಯೋ ಹೊತ್ತಿಗೆ ಒಂದೊಂದಾಗಿ ಎಲ್ಲಾ ಆಕಡೆ ಹೋದ್ವು, ಮಿಲಮ್ ಕೂಡ ಹೋಯ್ತು. ಈಗ ಗೊತ್ತಾಯ್ತಲ್ಲ ಲೆಕ್ಕ? ಕ್ಲಬ್ ಎಲ್ಲೂ ಹೋಗ್ಲಿಲ್ಲ, ಅದೇ ಊರು, ಅದೇ ಗಣಿ ಹುಡುಗರು. ಕಾಲ ಕೆಳಗಿನ ಆಟ ಬದಲಾಯ್ತು ಅಷ್ಟೇ. ಒಂದು ವರ್ಷ ರಗ್ಬಿ ಯೂನಿಯನ್ ಕ್ಲಬ್ಬು, ಇನ್ನೊಂದು ವರ್ಷ ನಾರ್ದರ್ನ್ ಯೂನಿಯನ್ ಕ್ಲಬ್ಬು, ಹುಟ್ಟಿದ ವರ್ಷ ಯಾಕೆ ಬದಲಾಯಿಸ್ಬೇಕು ಅಂತ 1873ನೇ ಇಟ್ಕೊಂಡ್ರು.

ಮಿಲಮ್ ದೊಡ್ಡ ಲೀಗಲ್ಲಿ ಆಡಿದ್ದೂ ಇದೆ. 1902ರಲ್ಲಿ ನಾರ್ದರ್ನ್ ಯೂನಿಯನ್ ಎರಡು ಡಿವಿಷನ್ ಮಾಡ್ದಾಗ ಎರಡನೇ ಡಿವಿಷನ್ನಿನ 18 ಕ್ಲಬ್ಬಲ್ಲಿ ಮಿಲಮ್ ಒಂದು. ಜೊತೆಗೆ ಯಾರಿದ್ರು ಅಂದ್ರೆ, ಲೀಡ್ಸ್, ವೇಕ್‌ಫೀಲ್ಡ್ ಟ್ರಿನಿಟಿ, ಯಾರ್ಕ್, ಕ್ಯಾಸಲ್‌ಫರ್ಡ್. ಇವತ್ತು ಈ ಹೆಸರೆಲ್ಲ ದೊಡ್ಡ ದೊಡ್ಡ ಪ್ರೊಫೆಷನಲ್ ಕ್ಲಬ್ಬುಗಳದ್ದು. ಮೊದಲ ವರ್ಷ ಕೀತ್ಲಿ ಫಸ್ಟು, ಲೀಡ್ಸ್ ಸೆಕೆಂಡು, ಮೂರನೇ ಜಾಗದಲ್ಲಿ ಮಿಲಮ್. ನಮ್ಮ ಕಡೆ ಹೇಳ್ಬೇಕು ಅಂದ್ರೆ ರಣಜೀಲಿ ಮುಂಬೈ ಬಿಟ್ರೆ ನೆಕ್ಸ್ಟು ಸೊಂಡೂರು ಅನ್ನೋ ಹಾಗೆ.

ಆದ್ರೆ ಎಷ್ಟು ದಿನ ನಡ್ಯತ್ತೆ. ಮ್ಯಾಪ್ ನೆನಪಿಸ್ಕೊಳಿ. ಮಿಲಮ್‌ನಿಂದ ಯಾರ್ಕ್‌ಗೆ, ವೇಕ್‌ಫೀಲ್ಡ್‌ಗೆ ರೈಲಲ್ಲಿ ಹೋಗಿ ಆಡಿ ಬರೋದು ಅಂದ್ರೆ ಇಡೀ ತಂಡದ ಒಂದು ದಿನದ ಕೂಲಿ, ಜೊತೆಗೆ ಟಿಕೆಟ್ಟು. ಆಕಡೆಯವರು ಈ ಮೂಲೆಗೆ ಬರಕ್ಕೂ ಗೊಣಗೋರು. ಪುಟ್ಟ ಊರು, ಗೇಟ್ ಕಲೆಕ್ಷನ್ ಎಷ್ಟು ಬರತ್ತೆ. ಕೆಲವೇ ವರ್ಷದಲ್ಲಿ ದೊಡ್ಡ ಲೀಗ್ ಬಿಟ್ಟು ಹತ್ತಿರದ ಊರುಗಳ ಜೊತೆ ಆಡೋ ಲೋಕಲ್ ಲೀಗಿಗೆ ಇಳಿದ್ರು, ಅಲ್ಲಿಂದ ಇವತ್ತಿನ ತನಕ ಅಮೆಚೂರ್. ಕೂಲಿ ಕೇಳಿ ಯೂನಿಯನ್ ಬಿಟ್ಟು ಬಂದ ಕ್ಲಬ್ಬು ಕೂಲಿ ಕೊಡಕ್ಕಾಗದೇ ಮತ್ತೆ ಅಮೆಚೂರ್ ಆಯ್ತು.

ಆಟದ ಬಗ್ಗೆ ಎರಡು ಮಾತು, ಇಲ್ದಿದ್ರೆ ಹಿಂದುಗಡೆ ಕೂತಿರೋರು ಮೊಬೈಲ್ ತೆಗೀತಾರೆ. 1906ರಲ್ಲಿ ನಾರ್ದರ್ನ್ ಯೂನಿಯನ್ನವರು ತಂಡಕ್ಕೆ 15 ಇದ್ದಿದ್ದನ್ನ 13 ಮಾಡಿದ್ರು, ದುಡ್ಡು ಕೊಟ್ಟು ಬರೋ ಜನಕ್ಕೆ ಗುಂಪು ತಳ್ಳಾಟ ಬೋರು, ಓಟ ಬೇಕು ಅಂತ. ಅದೇ ವರ್ಷ ಇನ್ನೊಂದು ರೂಲ್ಸ್ ತಂದ್ರು, ಅದನ್ನ ಕಬಡ್ಡಿ ಆಡಿದೋರಿಗೆ ಹೇಳೋದು ಸುಲಭ. ಚೆಂಡು ಕೈಲಿ ಹಿಡ್ಕೊಂಡು ಒಬ್ಬ ನುಗ್ತಾನೆ, ಎದುರಿನೋರು ಸೊಂಟ ಕಾಲು ಹಿಡಿದು ಕೆಡವ್ತಾರೆ. ಬಿದ್ದೋನನ್ನ ಬಿಡ್ಬೇಕು, ಅವನು ಎದ್ದು ಚೆಂಡು ನೆಲಕ್ಕಿಟ್ಟು ಕಾಲಲ್ಲಿ ಹಿಂದಕ್ಕೆ ಹೊರಳಿಸ್ತಾನೆ, ಹಿಂದಿರೋನು ಎತ್ಕೊಂಡು ಮತ್ತೆ ನುಗ್ತಾನೆ. ಎಷ್ಟು ಸಲ ಬೇಕಾದ್ರೂ ಹೀಗೇ ಮಾಡ್ತಾ ಕೂರಬಹುದಿತ್ತು, 1966ರಲ್ಲಿ ನಾಲ್ಕು ಸಲ ಮಾತ್ರ ಅಂತ ಮಾಡಿದ್ರು, 1972ರಲ್ಲಿ ಆರು. ಆರನೇ ಸಲ ಬಿದ್ರೆ ಚೆಂಡು ಎದುರು ತಂಡಕ್ಕೆ. ಕೈಯಿಂದ ಮುಂದಕ್ಕೆ ಎಸೆಯೋ ಹಾಗಿಲ್ಲ, ಹಿಂದಕ್ಕೆ ಮಾತ್ರ. ಇಷ್ಟು ಗೊತ್ತಿದ್ರೆ ಸಾಕು ಮ್ಯಾಚ್ ನೋಡಬಹುದು, ನಾನು ಇಷ್ಟೇ ಗೊತ್ತಿಟ್ಕೊಂಡು ನೋಡಿದ್ದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ. ಮಿಲಮ್ ಹುಡುಗ ಒಬ್ಬ, 1930 ಅಂತ ಇಟ್ಕೊಳಿ. ವಾರ ಪೂರ್ತಿ ಗಣಿ ಕೆಲಸ, ಶನಿವಾರ ಮ್ಯಾಚು. ಒಂದು ಪೈಸೆ ಯಾರೂ ಕೊಡಲ್ಲ. ಬಸ್ ಚಾರ್ಜ್ ಅವನದೇ, ಶೂ ಅವನದೇ, ಹಲ್ಲು ಹೋದ್ರೂ ಅವನದೇ. ಇವನು ಅಮೆಚೂರೋ ಅಲ್ವೋ? ನಮ್ಮ ನಿಮ್ಮ ಲೆಕ್ಕದಲ್ಲಿ ಇವನಿಗಿಂತ ಅಮೆಚೂರ್ ಇನ್ಯಾರೂ ಇಲ್ಲ. ಆದ್ರೆ ರಗ್ಬಿ ಯೂನಿಯನ್ ಲೆಕ್ಕದಲ್ಲಿ ಇವನು ಪ್ರೊಫೆಷನಲ್! ಯಾಕೆ? ಲೀಗ್ ಆಡಿದಾನಲ್ಲ ಅದಕ್ಕೆ. ದುಡ್ಡು ತಗೊಂಡ್ನೋ ಇಲ್ವೋ ಅನ್ನೋದು ಪ್ರಶ್ನೆನೇ ಅಲ್ಲ. ಒಂದೇ ಒಂದು ಲೀಗ್ ಮ್ಯಾಚ್ ಆಡಿದ್ರೂ ಮುಗೀತು, ಜನ್ಮ ಪೂರ್ತಿ ಯೂನಿಯನ್ ಕ್ಲಬ್ಬಿಗೆ ಸೇರೋ ಹಾಗಿಲ್ಲ. ನಮ್ಮೂರುಗಳಲ್ಲಿ ಬಹಿಷ್ಕಾರ ಹಾಕ್ತಿದ್ರಲ್ಲ, ಅವರ ಮನೇಲಿ ನೀರು ಕುಡಿದೋನನ್ನೂ ಹೊರಗೆ ಇಡೋದು, ಥೇಟ್ ಹಾಗೆ. ನಾನು ಸುಮ್ನೆ ಜೋರಾಗಿ ಹೇಳ್ತಿಲ್ಲ, 1987ರಲ್ಲಿ, ಹೌದು 1987, ನಾವೆಲ್ಲ ರಿಲಯನ್ಸ್ ಕಪ್ ನೋಡ್ತಿದ್ವಲ್ಲ ಆ ವರ್ಷ, ದುಡ್ಡು ತಗೊಳ್ದೇ ಲೀಗ್ ಆಡಿದೋನು ಯೂನಿಯನ್ನೂ ಆಡಬಹುದು ಅಂತ ಬಾಗಿಲು ತೆಗೆದ್ರು. ಬ್ರಿಟಿಷ್ ಸೇನೆಯಲ್ಲಿ ರಗ್ಬಿ ಲೀಗಿಗೆ ಮಾನ್ಯತೆ ಸಿಕ್ಕಿದ್ದು 1994ರಲ್ಲಿ. ಎರಡು ಮಹಾಯುದ್ಧದಲ್ಲಿ ಸಾಯಕ್ಕೆ ಲೀಗ್ ಊರಿನ ಹುಡುಗರು ಬೇಕಾಗಿತ್ತು, ಅವರ ಆಟ ಬೇಡ. ಅದಾಗಿ ಒಂದೇ ವರ್ಷಕ್ಕೆ, 1995ರಲ್ಲಿ, ಯೂನಿಯನ್ನವರೇ ನಾವು ಪ್ರೊಫೆಷನಲ್ ಅಂತ ಘೋಷಿಸ್ಕೊಂಡ್ರು. ಸರಿಯಾಗಿ ನೂರು ವರ್ಷ ಬೇಕಾಯ್ತು, 6 ಶಿಲ್ಲಿಂಗ್ ಕೇಳಿದ್ದು ತಪ್ಪಲ್ಲ ಅಂತ ಒಪ್ಪಕ್ಕೆ.

ಫ್ರಾನ್ಸಲ್ಲಿ ಇನ್ನೂ ಕೆಟ್ಟದಾಯ್ತು, ಅಲ್ಲಿ ಯುದ್ಧದ ಟೈಮಲ್ಲಿ 1941ರ ಡಿಸೆಂಬರಲ್ಲಿ ಜರ್ಮನಿಗೆ ಶರಣಾಗಿದ್ದ ವಿಶಿ ಸರ್ಕಾರ ಲೀಗ್ ಆಟವನ್ನೇ ಬ್ಯಾನ್ ಮಾಡಿ ಆಸ್ತಿ ಎಲ್ಲ ಕಿತ್ಕೊಂಡ್ತು. ಅದು ಬೇರೇನೇ ಉಪನ್ಯಾಸ, ಇನ್ನೊಂದು ಸಲ ಕರೆದ್ರೆ ಹೇಳ್ತೀನಿ.

ಒಂದು ಕಡೆ ಯೂನಿಯನ್ನವರು ಹತ್ತಿರ ಸೇರಿಸಲ್ಲ, ಇನ್ನೊಂದು ಕಡೆ ತಮ್ಮದೇ ಲೀಗಿನ ಪ್ರೊಫೆಷನಲ್ ಕ್ಲಬ್ಬುಗಳು? ಅವರಿಗೆ ಅಮೆಚೂರ್ ಕ್ಲಬ್ ಅಂದ್ರೆ ನರ್ಸರಿ. ಸಸಿ ಕಿತ್ಕೊಂಡು ಹೋಗಕ್ಕೆ ಬರ್ತಾರೆ, ನೀರು ಹಾಕಕ್ಕೆ ಯಾರೂ ಬರಲ್ಲ. ಹತ್ತು ಹನ್ನೆರಡು ವರ್ಷ ಊರಿನ ಹಿರಿಯರು ಕೆಸರಲ್ಲಿ ನಿಂತು ಒಬ್ಬ ಹುಡುಗನಿಗೆ ಆಟ ಕಲಿಸ್ತಾರೆ, ಹದಿನೇಳಕ್ಕೆ ದೊಡ್ಡ ಕ್ಲಬ್ಬಿನೋನು ಬಂದು ಸೈನ್ ಹಾಕ್ಸ್ಕೊಂಡು ಹೋಗ್ತಾನೆ. ವಿಗನ್ನಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಅಂತ 1910ರ ಒಂದು ಅಮೆಚೂರ್ ಕ್ಲಬ್ ಇದೆ, ಆಂಡಿ ಗ್ರೆಗರಿ, ಜೋ ಲಿಡನ್ ಥರದೋರು ಅಲ್ಲಿಂದ ಹೊರಟು ಗ್ರೇಟ್ ಬ್ರಿಟನ್‌ಗೆ ಆಡಿದ್ರು. ಅವರ ಹೆಸರು ನೆನಪಿಟ್ಕೊಳೋರಲ್ಲಿ ಎಷ್ಟು ಜನ ಆ ಕ್ಲಬ್ಬಿನ ಹೆಸರು ಹೇಳ್ತಾರೆ?

ಮಿಲಮ್‌ಗೆ ನಿಜವಾದ ಹೊಡೆತ ಬಿದ್ದಿದ್ದು ಆಟದಿಂದ ಅಲ್ಲ. ಹಾಡ್‌ಬ್ಯಾರೋ ಗಣಿ ಸಮುದ್ರದ ಅಂಚಲ್ಲಿತ್ತು ಅಂದ್ನಲ್ಲ, ಅದಿರು ಸಮುದ್ರದ ಕೆಳಗೂ ಹೋಗಿತ್ತು, ಅದಕ್ಕೆ ಸಮುದ್ರವನ್ನೇ ಹಿಂದಕ್ಕೆ ತಳ್ಳಿ ಗೋಡೆ ಕಟ್ಟಿದ್ರು, ಮೊದಲನೇದು ಕುಸೀತು, ಆಮೇಲೆ 1905ಕ್ಕೆ ಮೈಲಿಗಿಂತ ಉದ್ದದ ಇನ್ನೊಂದು ಗೋಡೆ ಮುಗಿಸಿದ್ರು. ಆ ಗೋಡೆ ಇವತ್ತಿಗೂ ಇದೆ. ಗಣಿ ಇಲ್ಲ. 1968ರಲ್ಲಿ ಗಣಿ ಮುಚ್ತು, ಅದೇ ವರ್ಷ ಕಬ್ಬಿಣದ ಫ್ಯಾಕ್ಟರಿನೂ ಮುಚ್ತು. ಒಂದೇ ವರ್ಷ ಎರಡೂ. ಕೆಜಿಎಫ್ ನವರೇ, 2001 ನೆನಪಿದೆ ಅಲ್ವಾ ನಿಮಗೆ? ಅದೇ. ಪಂಪ್ ನಿಲ್ಸಿದ್ರು, ಗಣಿ ಗುಂಡಿಲೆಲ್ಲ ನೀರು ತುಂಬ್ಕೊಂಡ್ತು, ಈಗ ಅದು ದೊಡ್ಡ ಕೆರೆ, ಪಕ್ಷಿಧಾಮ, ಬೇಸಿಗೇಲಿ ಟರ್ನ್ ಹಕ್ಕಿಗಳು ಬಂದು ಮೊಟ್ಟೆ ಇಡ್ತಾವೆ. ನಿಮ್ಮಲ್ಲಿ ಸೈನೈಡ್ ದಿಬ್ಬ ಉಳೀತು, ಅಲ್ಲಿ ಕೆರೆ ಉಳೀತು.

ಮಿಲಮ್ ಮೈದಾನ ಡೆವನ್‌ಶೈರ್ ರೋಡಲ್ಲಿದೆ. ಮೊದಲ ಸಲ ನಾನು ಮ್ಯಾಚ್ ನೋಡಕ್ಕೆ ಹೋಗಿದ್ದಾಗ ಕಂಬಿ ಪಕ್ಕ ನಿಂತಿದ್ದ ಒಬ್ಬ ವಯಸ್ಸಾದೋರು, ಫ್ಯಾಕ್ಟರೀಲಿ ಕೆಲಸ ಮಾಡಿದೋರು, ಆ ವರ್ಷದ ಬಗ್ಗೆ ಮಾತಾಡಿದ್ರು. ಕೆಲಸ ಹೋಯ್ತು ಅನ್ನೋದನ್ನ ಅವರು ಒಂದೇ ಮಾತಲ್ಲಿ ಮುಗಿಸಿದ್ರು. ಜಾಸ್ತಿ ಹೇಳಿದ್ದು ಟೀಮಿನ ಬಗ್ಗೆ, ಯಾರ್ಯಾರು ಬ್ಯಾರೋ ಹಡಗು ಕಾರ್ಖಾನೆಗೆ ಹೋದ್ರು, ಯಾರು ಹ್ಯಾವೆರಿಗ್ ಜೈಲಲ್ಲಿ ವಾರ್ಡರ್ ಆದ್ರು, ಜೈಲು ಆಗ ತಾನೇ 1967ರಲ್ಲಿ ಹಳೇ ಏರ್‌ಫೀಲ್ಡಲ್ಲಿ ಶುರುವಾಗಿತ್ತು, ಯಾರು ಅಣುಶಕ್ತಿ ಕಾರ್ಖಾನೆಗೆ ಹೋದ್ರು. ಮುಂಚೆ ಎಲ್ಲರ ಶಿಫ್ಟೂ ಒಂದೇ ಕಡೆ, ಫೋರ್‌ಮನ್‌ಗೆ ಹೇಳಿ ಅಡ್ಜಸ್ಟ್ ಮಾಡಿಸ್ಬಹುದಿತ್ತಂತೆ. ಆಮೇಲೆ ಒಬ್ಬೊಬ್ಬರದು ಒಂದೊಂದು ಕಡೆ ಒಂದೊಂದು ಶಿಫ್ಟು, ಗುರುವಾರ ರಾತ್ರಿ ಪ್ರಾಕ್ಟೀಸಿಗೆ 13 ಜನ ಸೇರ್ಸೋದೇ ದೊಡ್ಡ ಕೆಲಸ. ಕ್ಲಬ್ ಸಾಯೋದು ದುಡ್ಡಿಲ್ದೇ ಅಂತ ನಾನು ಅನ್ಕೊಂಡಿದ್ದೆ, ಅವರ ಪ್ರಕಾರ ಶಿಫ್ಟ್ ಹೊಂದದೇ.

ಇದು ಮಿಲಮ್ ಒಂದರ ಕಥೆ ಅಲ್ಲ. ಗಣಿ, ಮಿಲ್ಲು, ಚರ್ಚು, ಪಬ್ಬು, ಇವಕ್ಕೆ ಅಂಟ್ಕೊಂಡು ಹುಟ್ಟಿದ ಅಮೆಚೂರ್ ತಂಡಗಳು ಉತ್ತರದಲ್ಲೆಲ್ಲ ಉದುರ್ತಾ ಬಂದು 1973ರ ಹೊತ್ತಿಗೆ ಇಡೀ ಬ್ರಿಟನ್ನಲ್ಲಿ ಉಳಿದಿದ್ದು 150ಕ್ಕಿಂತ ಕಮ್ಮಿ, ಯೂತ್ ಟೀಮ್ ಬರೀ 30. ಆಗ ಹಡರ್ಸ್‌ಫೀಲ್ಡಲ್ಲೇ, ಈ ಸಲ ದೊಡ್ಡ ಹೋಟೆಲಲ್ಲಿ ಅಲ್ಲ, ಒಂದು ವರ್ಕಿಂಗ್ ಮೆನ್ಸ್ ಕ್ಲಬ್ಬಲ್ಲಿ ಒಂದಷ್ಟು ಜನ ಸೇರಿ ನಮ್ಮ ಆಟ ನಾವೇ ನೋಡ್ಕೊಳ್ತೀವಿ ಅಂತ ಬಾರ್ಲಾ ಅನ್ನೋ ಸಂಸ್ಥೆ ಕಟ್ಟಿದ್ರು, ಬ್ರಿಟಿಷ್ ಅಮೆಚೂರ್ ರಗ್ಬಿ ಲೀಗ್ ಅಸೋಸಿಯೇಷನ್. ಮಾರಿಸ್ ಓಲ್ಡ್‌ರಾಯ್ಡ್, ಟಾಮ್ ಕೀವ್ನಿ ಇದರಲ್ಲಿ ಮುಂದಿದ್ದವರು. ಪ್ರೊಫೆಷನಲ್ ಕ್ಲಬ್ಬುಗಳು ಏನ್ಮಾಡಿದ್ವು? ವೋಟ್ ಹಾಕಿದ್ವು. ಮಾನ್ಯತೆ ಬೇಡ ಅಂತ 29, ಬೇಕು ಅಂತ 1. 1893ರಲ್ಲಿ ಲಂಡನ್ನವರು ಇವರಿಗೆ ಮಾಡಿದ್ದನ್ನ ಇವರು ತಮ್ಮೋರಿಗೇ ಮಾಡಿದ್ರು. ಆ ಒಂದು ವೋಟು ಯಾರದು ಗೊತ್ತಾ, ವರ್ಕಿಂಗ್ಟನ್ ಟೌನ್ ಕ್ಲಬ್ಬಿನ ಟಾಮ್ ಮಿಚೆಲ್ ಅವರದು, ಕಂಬರ್‌ಲ್ಯಾಂಡ್ ಕಡೆಯೋರು, ಈ ಮಿಲಮ್ ಥರದ ಊರುಗಳ ಕಷ್ಟ ಕಣ್ಣಾರೆ ನೋಡಿದೋರು. ಒಂದು ವರ್ಷದೊಳಗೆ ಎಲ್ಲರೂ ಒಪ್ಪೋ ಹಾಗಾಯ್ತು.

ಅಲ್ಲಿಂದ ಮುಂದೆ ಬೇಗ ಹೇಳ್ತೀನಿ. 1981ರಲ್ಲಿ ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಹುಡುಗರು ಮೊದಲ ಲೀಗ್ ಮ್ಯಾಚ್ ಆಡಿದ್ರು, ಗಣಿ ಆಟ ಅಂತ ಮೂಗು ಮುರಿಯೋರ ಮನೆಗೇ ನುಗ್ಗಿದ ಹಾಗೆ. 1986ರಲ್ಲಿ ಅಮೆಚೂರ್‌ಗಳಿಗೆ ರಾಷ್ಟ್ರಮಟ್ಟದ ಲೀಗು ಬಂತು, 1993ರಲ್ಲಿ ಅದು ನ್ಯಾಷನಲ್ ಕಾನ್ಫರೆನ್ಸ್ ಲೀಗ್ ಆಯ್ತು, ಮಿಲಮ್ ಅದರಲ್ಲೂ ಆಡಿದೆ. 1902ರ ಹಾಗೇ ಮತ್ತೆ ಯಾರ್ಕ್‌ಶೈರಿಗೆ ಲಾಂಗ್ ಟ್ರಿಪ್ಪು, ಈಗ ರೈಲಿನ ಬದ್ಲು ಕೋಚ್ ಬಸ್ಸು. 2012ರಲ್ಲಿ ಈ ಲೀಗು ಚಳಿಗಾಲ ಬಿಟ್ಟು ಬೇಸಿಗೆಗೆ ಬಂತು. ಚಳಿಗಾಲದಲ್ಲಿ ಆ ಸಮುದ್ರದ ಗಾಳಿಗೆ ನಿಂತು ನೋಡಿದೋರಿಗೆ ಯಾಕೆ ಅಂತ ಬೇರೆ ಹೇಳ್ಬೇಕಾಗಿಲ್ಲ, ಆದ್ರೆ ಕೆಸರಿಲ್ದೇ ಅದೆಂಥಾ ರಗ್ಬಿ ಅಂತ ಮುಖ ಸಿಂಡರಿಸೋರೂ ಇದಾರೆ.

ಒಬ್ಬರು ಈಗ ತಾನೇ ಚೀಟಿ ಕಳ್ಸಿದಾರೆ, ಇಷ್ಟು ವರ್ಷ ದುಡ್ಡಿಲ್ದೇ ಹೇಗೆ ನಡೆಸ್ತಾರೆ ಅಂತ. ನಮ್ಮೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಹೇಗೆ ನಡೆಯತ್ತೆ ಸರ್, ಹಾಗೇ. ಯುವಕ ಸಂಘದೋರು ರಸೀದಿ ಪುಸ್ತಕ ಹಿಡ್ಕೊಂಡು ಮನೆ ಮನೆ ಸುತ್ತಲ್ವಾ, ಒಬ್ಬರು ಟ್ರೋಫಿ ಕೊಡ್ತಾರೆ, ಒಬ್ಬರು ಶಾಮಿಯಾನ, ಒಬ್ಬರ ಮನೆಯಿಂದ ಊಟ. ಅಲ್ಲಿ ಕ್ಲಬ್ ಹೌಸಿನ ಬಾರ್, ಶನಿವಾರದ ರ‍್ಯಾಫಲ್ ಟಿಕೆಟ್ಟು, ಅಂಗಡಿಯೋರ ಬೋರ್ಡು ಮೈದಾನದ ಸುತ್ತ. ನಾನು ನೋಡಿದ ಮ್ಯಾಚಲ್ಲಿ ಗೇಟಲ್ಲಿ ದುಡ್ಡು ತಗೊಂಡ ಹೆಂಗಸೇ ಹಾಫ್ ಟೈಮಲ್ಲಿ ಟೀ ಕೊಟ್ರು, ಮ್ಯಾಚ್ ಮುಗಿದ ಮೇಲೆ ಅವರೇ ಕೆಸರಾದ ಜೆರ್ಸಿಗಳನ್ನೆಲ್ಲ ಒಂದು ದೊಡ್ಡ ಚೀಲಕ್ಕೆ ತುರುಕಿ ಕಾರಿನ ಡಿಕ್ಕಿಗೆ ಹಾಕ್ಕೊಂಡು ಹೋದ್ರು, ಒಗೆಯಕ್ಕೆ. ಕಲ್ಕತ್ತಾ ಕ್ಲಬ್ಬಲ್ಲಿ ಬಾರ್ ಫ್ರೀ ಇದ್ದು ಮುಚ್ತು ಅಂದ್ನಲ್ಲ, ಇಲ್ಲಿ ಬಾರಿನ ದುಡ್ಡಲ್ಲೇ ಹುಡುಗರ ಟೀಮಿಗೆ ಚೆಂಡು ಬರತ್ತೆ.

ಇನ್ನೊಂದು ಪ್ರಶ್ನೆ, ಆ ದಿನ ಗೆದ್ರಾ ಅಂತ. ಇಲ್ಲ, ಸೋತ್ರು. ನನ್ನ ಪಕ್ಕದ ವಯಸ್ಸಾದೋರು ಕೊನೇ ಹತ್ತು ನಿಮಿಷ ರೆಫರಿಗೆ ಬೈದಿದ್ದೇ ಬೈದಿದ್ದು, ಆಮೇಲೆ ಅದೇ ರೆಫರಿ ಕ್ಲಬ್ ಹೌಸಿಗೆ ಬಂದಾಗ ಏನು ಕುಡೀತೀಯಪ್ಪಾ ಅಂತ ಕೇಳಿ ಗ್ಲಾಸ್ ಕೊಡ್ಸಿದ್ರು. ನಾನು 5 ಗಂಟೆ ರೈಲಿಗೆ ಓಡಿದೆ, ಅದು ತಪ್ಪಿದ್ರೆ ಆಮೇಲೆ ತುಂಬಾ ಹೊತ್ತು ರೈಲಿಲ್ಲ.